ಹಿಮ ಬಿದ್ದ ದಿನ ಅಪ್ಪ ತೆಗೆದ ಫೋಟೊಗಳು

ಮೊನ್ನೆ ಸಾರಿಗೆ ಇಂಗು ಹುಡುಕುತ್ತಾ ಅಡುಗೆಮನೆಯ ಕೆಳಗಿನ ಡ್ರಾಯರಿನಲ್ಲಿ ಕೈಯಾಡಿಸಿದಾಗ ಕಪ್ಪು ಪ್ಲಾಸ್ಟಿಕ್ಕಿನ ಪುಟ್ಟ ಡಬ್ಬಿಯೊಂದು ಸಿಕ್ಕಿತು. ಬೂದು ಮುಚ್ಚಳ, ಹೆಬ್ಬೆರಳಿನಷ್ಟು ಎತ್ತರ. ಹಿಂದೆ ಕ್ಯಾಮೆರಾದ ಫಿಲ್ಮ್ ರೋಲು ಇಂಥ ಡಬ್ಬಿಯಲ್ಲಿ ಬರುತ್ತಿತ್ತು. ನಿಮ್ಮ ಮನೆಯಲ್ಲೂ ಒಂದೆರಡು ಇದ್ದಿರಬಹುದು. ನಮ್ಮ ಮನೆಯಲ್ಲಿ ನೂರಾರು ಇದ್ದವು, ಯಾಕೆಂದರೆ ಅಪ್ಪ ತಿಪಟೂರಿನಲ್ಲಿ ಫೋಟೊ ಸ್ಟುಡಿಯೋ ಇಟ್ಟಿದ್ದರು. ಅಮ್ಮ ಅವುಗಳಲ್ಲಿ ಲವಂಗ, ಏಲಕ್ಕಿ, ಪಿನ್ನು, ಗುಂಡಿ ಎಲ್ಲ ತುಂಬಿಡುತ್ತಿದ್ದರು. ನಾನು ಸ್ಕೂಲಿಗೆ ಉಪ್ಪಿನಕಾಯಿ ಒಯ್ಯುತ್ತಿದ್ದದ್ದೂ ಅದರಲ್ಲೇ. ಮಾವಿನಕಾಯಿ ಉಪ್ಪಿನಕಾಯಿಗೆ ಒಂಚೂರು ಫಿಲ್ಮಿನ ವಾಸನೆ ಇರಲೇಬೇಕು ಅಂತ ನಾನು ಬಹಳ ದಿನ ನಂಬಿದ್ದೆ.

ಈ ಡಬ್ಬಿ ಐರ್‌ಲೆಂಡಿನ ಮೇನೂತ್‌ನಲ್ಲಿರುವ ನಮ್ಮ ಮನೆಯ ಡ್ರಾಯರಿಗೆ ಹೇಗೆ ಬಂತು ಎಂದು ನೆನಪಿಸಿಕೊಳ್ಳುತ್ತಾ ನಿಂತೆ. ಸಾರು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಒಂದು ಕೆಲಸ ಹಿಡಿದರೆ ಇನ್ನೊಂದರ ಕಡೆ ಮನಸ್ಸು ಓಡುವುದು ನನ್ನ ಹಳೆಯ ರೋಗ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಚಿಕ್ಕವಳಿದ್ದಾಗ ಅಪ್ಪ ನನ್ನ ಫೋಟೊ ತೆಗೆಯುವಾಗ, "ಸುಮಾ, ಮೂರು ಎಣಿಸೋವರೆಗೆ ಅಲ್ಲಾಡಬೇಡ ಕಣಮ್ಮ" ಅಂತ ಬೇಡಿಕೊಳ್ಳುತ್ತಿದ್ದರು. ಅವರು ಎರಡಕ್ಕೆ ಬರುವಷ್ಟರಲ್ಲಿ ನನ್ನ ಒಂದು ಕೈ ಅಲುಗಾಡಿ ಮಂಜಾಗಿರುತ್ತಿತ್ತು.

ಸ್ಟುಡಿಯೋದ ಹಿಂಬದಿಗೆ ಒಂದು ದೊಡ್ಡ ಪರದೆಯಿತ್ತು. ಅದರ ಮೇಲೆ ಹಿಮದ ಬೆಟ್ಟ, ಬೆಟ್ಟದ ಬುಡದಲ್ಲಿ ಒಂದು ಕೆಂಪು ಹೆಂಚಿನ ಮನೆ. ತಿಪಟೂರಿನ ಮಕ್ಕಳೆಲ್ಲ ಬೇಸಿಗೆಯಲ್ಲಿ ಬೆವರು ಸುರಿಸಿಕೊಂಡು, ಎಣ್ಣೆ ಹಚ್ಚಿದ ತಲೆಯಲ್ಲಿ, ಆ ಹಿಮದ ಮುಂದೆ ಕೂತು ಫೋಟೊ ತೆಗೆಸಿಕೊಂಡಿದ್ದಾರೆ. ಪರದೆ ಬರೆದ ಪೇಂಟರು ಹಿಮದ ನೆರಳಿಗೆ ನೀಲಿ ಬಳಿದಿದ್ದ. "ಹಿಮ ಬಿಳಿ ಕಣಯ್ಯಾ, ನೀಲಿ ಯಾಕೆ ಹಾಕ್ದೆ?" ಅಂತ ಅಪ್ಪ ಜಗಳವಾಡಿದ್ದರಂತೆ. ಇಬ್ಬರೂ ಹಿಮ ನೋಡಿದವರಲ್ಲ. ಜಗಳ ಮಾತ್ರ ವಾರ ನಡೆಯಿತು ಎಂದು ಅಮ್ಮ ಹೇಳುತ್ತಿದ್ದರು.

ಹೋದ ಚಳಿಗಾಲದಲ್ಲಿ ಅಪ್ಪ ನಮ್ಮಲ್ಲಿಗೆ ಬಂದರು. ಅಮ್ಮ ತಂಗಿಯ ಬಾಣಂತನಕ್ಕೆ ಮೈಸೂರಿಗೆ ಹೋಗಿದ್ದರು. ಅಪ್ಪನನ್ನು ಒಬ್ಬರನ್ನೇ ಬಿಡುವುದು ಬೇಡವೆಂದು ನಾನು ಟಿಕೆಟ್ ಕಳಿಸಿದೆ. ಸ್ಟುಡಿಯೋ ಮುಚ್ಚಿ ವರ್ಷಗಳಾಗಿದ್ದರೂ ಹಳೆಯ ಕ್ಯಾಮೆರಾ ಹೆಗಲಲ್ಲಿ ಇತ್ತು, ಎರಡು ರೋಲ್ ಫಿಲ್ಮು ಜೇಬಿನಲ್ಲಿ ಇತ್ತು. ಫಿಲ್ಮು ಹಾಳಾದೀತೆಂದು ಅದನ್ನು ಬೆಂಗಳೂರು ಏರ್‌ಪೋರ್ಟಿನ ಎಕ್ಸ್‌ರೇ ಮಷೀನಿಗೆ ಹಾಕಲು ಬಿಡದೆ, ಕೈಯಲ್ಲೇ ತಪಾಸಣೆ ಮಾಡಿಸಿಕೊಂಡು ಬಂದಿದ್ದರು.

"ಫೋನಲ್ಲಿ ತೆಗೀಬಹುದಲ್ಲ ಅಪ್ಪ?" ಅಂದೆ.

"ಇದಕ್ಕೆ ಬೇರೆ ಕಾರಣ ಐತೆ" ಎಂದು ಒಂದು ಹಳದಿಯಾದ ಕಾಗದ ಬಿಚ್ಚಿದರು. ಫಿಲ್ಮಿನ ಡಬ್ಬಿಯ ಜೊತೆ ಎಂದೋ ಬಂದಿದ್ದ ಸೂಚನೆಯ ಚೀಟಿ. ಎಂಥ ಬೆಳಕಿಗೆ ಕ್ಯಾಮೆರಾ ಎಷ್ಟು ತೆರೆಯಬೇಕು ಎನ್ನುವುದಕ್ಕೆ ಪುಟ್ಟ ಪುಟ್ಟ ಚಿತ್ರ: ಬಿಸಿಲು, ಮೋಡ, ನೆರಳು. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಸಮುದ್ರತೀರ ಅಥವಾ ಹಿಮ. "ಈ ಸಾಲು ಒಂದು ಬಿಟ್ಟು ಮಿಕ್ಕಿದ್ದೆಲ್ಲ ಸಾವಿರಾರು ಸಲ ಮಾಡಿದೀನಿ. ಮುರ್ಡೇಶ್ವರಕ್ಕೆ ಹೋದಾಗ ಸಮುದ್ರ ಆಯ್ತು. ಹಿಮ ಬಾಕಿ."

ಆದರೆ ಐರ್‌ಲೆಂಡಿನಲ್ಲಿ ಹಿಮ ಬೀಳಬೇಕಲ್ಲ! ಊರಲ್ಲಿ ಎಲ್ಲರೂ ನಾವು ಹಿಮದೊಳಗೇ ಹೂತುಹೋಗಿದ್ದೇವೆ ಎಂದುಕೊಂಡಿರುತ್ತಾರೆ. ಇಲ್ಲಿ ಬೀಳುವುದು ಮಳೆ. ಅದೂ ಬೀಳುವ ಮಳೆಯಲ್ಲ, ಅಡ್ಡಡ್ಡ ಬರುವ ಮಳೆ. ಅಪ್ಪ ದಿನಾ ಬೆಳಗ್ಗೆ ಕಿಟಕಿಯ ಪರದೆ ಸರಿಸಿ, "ಬಿದ್ದಿಲ್ವಲ್ಲೇ" ಅನ್ನುವರು. ಆಮೇಲೆ ಮುಂದಿನ ಕಿಟಕಿಯಿಂದ ಹಿಂದಿನ ಕಿಟಕಿಗೆ, ಹಿಂದಿನದರಿಂದ ಮುಂದಿನದಕ್ಕೆ ಓಡಾಟ. ನನ್ನ ಚಡಪಡಿಕೆ ಯಾರಿಂದ ಬಂದದ್ದು ಎಂಬುದು ನನಗೆ ನಲವತ್ತರ ಹತ್ತಿರ ಗೊತ್ತಾಯಿತು. ವಾಪಸ್ ಹೋಗಲು ಒಂದೇ ವಾರ ಉಳಿದಿತ್ತು. ಅಷ್ಟರಲ್ಲಿ ಫೋನಿಗೆ ಹಿಮದ ಎಚ್ಚರಿಕೆ ಬಂತು. ಅಂಗಡಿಯಲ್ಲಿ ಮಧ್ಯಾಹ್ನದೊಳಗೆ ಬ್ರೆಡ್ಡು ಖಾಲಿ. ದೂರದ ಡ್ರೋಹೆಡಾದ ಆಸ್ಪತ್ರೆಯಲ್ಲಿ ಡಾಕ್ಟರಾಗಿರುವ ನನ್ನ ಗಂಡ ಫೋನ್ ಮಾಡಿ, "ರಸ್ತೆ ಸರಿ ಇಲ್ಲ, ಎರಡು ದಿನ ಇಲ್ಲೇ ಇರ್ತೀನಿ" ಅಂದ. ಮರುದಿನ ಬೆಳಗ್ಗೆ ಎದ್ದರೆ ಸದ್ದೇ ಇಲ್ಲ. ಹೊರಗೆ ಎಲ್ಲ ಬಿಳಿ.

ಅಪ್ಪ ಆಗಲೇ ತಯಾರಾಗಿ ಕಿಟಕಿಯ ಬಳಿ ನಿಂತಿದ್ದರು. ಅಳಿಯನ ದಪ್ಪ ಕೋಟು, ತಮ್ಮ ಮಂಕಿ ಕ್ಯಾಪು, ಕುತ್ತಿಗೆಗೆ ಕ್ಯಾಮೆರಾ. "ಸುಮಾ, ಇಲ್ಲಿ ಬಾ. ಆ ಗೋಡೆ ಪಕ್ಕ ನೋಡು. ನೆರಳು ನೀಲಿ ಕಣೇ! ಆ ಪೇಂಟರ್ ಹೇಳಿದ್ದೇ ಸರಿ."

ಸ್ಕೂಲಿಗೆ ರಜೆ. ಏಳು ವರ್ಷದ ನನ್ನ ಮಗಳು ಅನಘ ಮೆಟ್ಟಿಲ ಮೇಲೆ ಒಂದೇ ಸಮನೆ ಹಾರುತ್ತಿದ್ದಳು. ನನಗೆ ಮಾತ್ರ ರಜೆ ಇರಲಿಲ್ಲ. ಮನೆಯಿಂದಲೇ ಕೆಲಸ, ಹತ್ತು ಗಂಟೆಗೆ ತಪ್ಪಿಸಲಾಗದ ಮೀಟಿಂಗು. "ನೀವಿಬ್ಬರೂ ಹೋಗಿರಿ, ಮುಗಿಸಿ ಬರ್ತೀನಿ" ಎಂದು ಅನಘಳಿಗೆ ಮೂರು ಸ್ವೆಟರ್ ತುರುಕಿ ಕಳಿಸಿದೆ. ಹೋಗುವಾಗ ಅಪ್ಪ ನನಗೆ ಪಾಠ ಮಾಡಿದರು: "ಬೆಳಕು ಅಳೆಯೋ ಮೀಟರಿಗೆ ಹಿಮ ಮೋಸ ಮಾಡುತ್ತೆ. ಅದು ಹೇಳಿದ ಹಾಗೆ ತೆಗೆದರೆ ಹಿಮ ಬೂದಿ ಥರ ಬರುತ್ತೆ, ಮಕ್ಕಳ ಮುಖ ಕಪ್ಪಗಾಗುತ್ತೆ. ಒಂದೂವರೆ ಸ್ಟಾಪ್ ಜಾಸ್ತಿ ಬೆಳಕು ಬಿಡಬೇಕು."

ನಮ್ಮ ಮನೆಗಳ ಸಾಲಿನ ನಡುವೆ ಒಂದು ಹುಲ್ಲಿನ ಬಯಲಿದೆ. ನಾನು ಮೇಲಿನ ರೂಮಿನಲ್ಲಿ ಕೂತು, ಒಂದು ಕಣ್ಣು ಲ್ಯಾಪ್‌ಟಾಪಿನ ಮೇಲೆ, ಒಂದು ಕಣ್ಣು ಬಯಲಿನ ಮೇಲೆ ಇಟ್ಟಿದ್ದೆ. ಅನಘ ಒಬ್ಬಳೇ ಇದ್ದದ್ದು ಹತ್ತು ನಿಮಿಷದಲ್ಲಿ ಎಂಟು ಮಕ್ಕಳಾದರು. ಒಬ್ಬರ ಕೈಯಲ್ಲಿ ಅಡುಗೆಮನೆಯ ಟ್ರೇ, ಇನ್ನೊಬ್ಬರದು ಕಸದ ಡಬ್ಬಿಯ ಮುಚ್ಚಳ. ಅಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಮಕ್ಕಳನ್ನು ಕ್ಯಾಮೆರಾದ ಕಡೆ ನೋಡಿಸಲು ಅವರಿಗೆ ಯಾವ ಭಾಷೆಯೂ ಬೇಕಿರಲಿಲ್ಲ. ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಅಳಿಲಿನ ಥರ ಸದ್ದು ಮಾಡುತ್ತಿದ್ದರು. ಮಕ್ಕಳು ಕೇಕೆ ಹಾಕಿ, ತಾವೇ ಬಂದು ಸಾಲಾಗಿ ನಿಂತರು. ಅಪ್ಪ ಶಾಲೆಯ ಗ್ರೂಪ್ ಫೋಟೊದಂತೆ ಎತ್ತರದವರನ್ನು ಹಿಂದೆ, ಗಿಡ್ಡಗಿದ್ದವರನ್ನು ಮುಂದೆ ಮಾಡಿದರು. ಒಬ್ಬ ಹುಡುಗಿ ತಲೆ ಬಗ್ಗಿಸಿ ನಿಂತಿದ್ದಳು. ಅವಳ ಗದ್ದಕ್ಕೆ ಒಂದು ಬೆರಳು ಕೊಟ್ಟು ಮೇಲೆತ್ತಿದರು. ಸ್ಟುಡಿಯೋದಲ್ಲಿ ದಿನಾ ಮಾಡುತ್ತಿದ್ದದ್ದು.

ಆಗ ಮೂಲೆಯ ಮನೆಯ ಬಾಗಿಲು ತೆರೆದದ್ದು ಕಂಡಿತು. ಹೆಂಗಸೊಬ್ಬಳು ಮನೆಯೊಳಗಿನ ಚಪ್ಪಲಿಯಲ್ಲೇ ಹಿಮ ತುಳಿಯುತ್ತಾ ದಾಪುಗಾಲಲ್ಲಿ ಬರುತ್ತಿದ್ದಳು. ಕೋಟು ಹಾಕಿಕೊಂಡಿರಲಿಲ್ಲ. ಮೀಟಿಂಗಿನವರಿಗೆ "ಎರಡು ನಿಮಿಷ" ಎಂದವಳೇ ಮೆಟ್ಟಿಲು ಇಳಿದು ಓಡಿದೆ. ನಾನು ಹಾಕಿಕೊಂಡದ್ದು ಗಂಡನ ಒಂದು ಶೂ, ನನ್ನ ಒಂದು ಶೂ ಎಂದು ಆಮೇಲೆ ಗೊತ್ತಾಯಿತು.

ನಾನು ತಲುಪುವಷ್ಟರಲ್ಲಿ ಅವಳು ಅಪ್ಪನನ್ನು, "ಯಾರಿಗೋಸ್ಕರ ಈ ಫೋಟೊ ತೆಗೀತಾ ಇದ್ದೀರಿ?" ಎಂದು ಕೇಳಿಯಾಗಿತ್ತು. ಅಪ್ಪ ಅದನ್ನು ಗಿರಾಕಿಯ ಪ್ರಶ್ನೆ ಎಂದು ತಿಳಿದಿದ್ದರು. ನಗುತ್ತಾ, ತಮಗೆ ಬರುವ ಇಂಗ್ಲಿಷಿನಲ್ಲಿ, "ಕಾಪಿ ಕೊಡ್ತೀನಿ, ಅಡ್ರೆಸ್ ಹೇಳಿ. ಅಡ್ರೆಸ್, ಅಡ್ರೆಸ್" ಎನ್ನುತ್ತಿದ್ದರು. ಅವಳು ಮಗಳನ್ನು, ಅಪ್ಪ ಗದ್ದ ಎತ್ತಿದ್ದ ಆ ಹುಡುಗಿಯನ್ನೇ, ಹತ್ತಿರ ಎಳೆದುಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

"ಇವರು ನಮ್ಮ ತಂದೆ. ಇಂಡಿಯಾದಿಂದ ಬಂದಿದ್ದಾರೆ. ಫೋಟೊ ತೆಗೆಯೋದೇ ಅವರ ಕೆಲಸವಾಗಿತ್ತು" ಎಂದು ನಾನು ಏದುಸಿರು ಬಿಟ್ಟುಕೊಂಡು ಹೇಳಿದೆ.

"ಒಳ್ಳೆಯವರೇ ಇರಬಹುದು" ಅಂದಳು ಅವಳು. ಮಗಳ ಕೈ ಬಿಟ್ಟಿರಲಿಲ್ಲ. "ಆದರೆ ನನಗೆ ಅವರು ಯಾರೆಂದು ಗೊತ್ತಿಲ್ಲ. ನನ್ನ ಮಗಳಿರೋ ಫೋಟೊ ಎಲ್ಲ ಡಿಲೀಟ್ ಮಾಡ್ತೀರಾ, ದಯವಿಟ್ಟು? ನನ್ನ ಕಣ್ಣೆದುರಿಗೇ?"

ನಾನು ಕ್ಯಾಮೆರಾ ತಿರುಗಿಸಿ ತೋರಿಸಿದೆ. ಹಿಂದೆ ಸ್ಕ್ರೀನು ಇಲ್ಲ, ಬರೀ ಕಪ್ಪು ಹಲಗೆ. "ಇದು ಫಿಲ್ಮಿನದು. ಡಿಲೀಟ್ ಮಾಡೋಕೆ ಬರಲ್ಲ. ತೊಳೆಸಿ, ಪ್ರಿಂಟು, ನೆಗೆಟಿವ್ವು ಎಲ್ಲ ನಿಮಗೇ ತಂದುಕೊಡ್ತೀನಿ."

ಅವಳು ನನ್ನನ್ನು ನೋಡಿದಳು, ತನ್ನ ಕೈಯಲ್ಲಿದ್ದ ಫೋನು ನೋಡಿದಳು. ನಂಬಬೇಕೋ ಬೇಡವೋ ಎಂಬ ಲೆಕ್ಕಾಚಾರ ಅವಳ ಮುಖದಲ್ಲಿ ಕಾಣುತ್ತಿತ್ತು. ಎದುರು ಮನೆಯ ಕಿಟಕಿಯಲ್ಲಿ ಎರಡು ತಲೆ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆ ಸಂಕಟವನ್ನು ನಾನು ಯಾರ ಮೇಲೆ ಹಾಕಿದೆ ಹೇಳಿ? ಅಪ್ಪನ ಮೇಲೆ. ಹಲ್ಲು ಕಚ್ಚಿಕೊಂಡು ಕನ್ನಡದಲ್ಲಿ, "ಊರಿನ ಮಕ್ಕಳನ್ನೆಲ್ಲ ಮುಟ್ಟಿ ಅಂತ ನಿಮಗೆ ಯಾರು ಹೇಳಿದ್ದು? ಇದು ತಿಪಟೂರಲ್ಲ!" ಅಂದೆ.

ಅಪ್ಪ ನನ್ನ ಮುಖ ನೋಡಿದರು. "ಆಯಮ್ಮ ಏನು ಕೇಳ್ತಿದಾರೆ?" ಅಂದರು.

"ಅವರ ಮಗಳ ಫೋಟೊ ಬೇಡವಂತೆ. ಅಳಿಸಬೇಕಂತೆ."

"ಬೇಡ ಅಂದ್ರಾ?"

"ಹೂಂ."

ಅಪ್ಪ ಕ್ಯಾಮೆರಾದ ಎಡಬದಿಯ ಗುಂಡಿಯನ್ನು ಮೇಲಕ್ಕೆಳೆದರು. ಹಿಂಬಾಗಿಲು ಟಪ್ ಎಂದು ತೆರೆದುಕೊಂಡಿತು. ನಾನು "ಅಪ್ಪಾ!" ಅನ್ನುವುದರೊಳಗೆ ಫಿಲ್ಮನ್ನು ಪೂರ್ತಿ ಹೊರಗೆಳೆದುಬಿಟ್ಟರು. ಕಂದು ಬಣ್ಣದ ಉದ್ದನೆಯ ಸುರುಳಿ ಬೆಳಕಿನಲ್ಲಿ ತೂಗಾಡಿ ಹಿಮದ ಮೇಲೆ ಬಿತ್ತು. ಅದರಲ್ಲಿ ಆ ಹುಡುಗಿಯಿದ್ದದ್ದು ಎರಡೋ ಮೂರೋ. ಮಿಕ್ಕಿದ್ದೆಲ್ಲ ಅನಘಳದ್ದು. ಆರು ವಾರ ಕಿಟಕಿಯಿಂದ ಕಿಟಕಿಗೆ ನಡೆದು ಕಾದಿದ್ದ ಹಿಮ. ಅಪ್ಪ ಅದನ್ನು ಎತ್ತಿ, ಹಿಮ ಕೊಡವಿ, ಸುತ್ತಿ, ಎರಡೂ ಕೈಯಲ್ಲಿ ಅವಳಿಗೆ ಕೊಟ್ಟರು.

"ಇದೇನಿದು?" ಅಂದಳು. ಬೆಳಕು ಬಿದ್ದರೆ ಫಿಲ್ಮಿನಲ್ಲಿ ಏನೂ ಉಳಿಯುವುದಿಲ್ಲ ಎಂದು ನಾನು ಹೇಳಿದೆ. ಅವಳ ಮುಖ ಕೆಂಪಾಯಿತು. "ಅಯ್ಯೋ, ಎಲ್ಲ ಹಾಳು ಮಾಡಿ ಅಂತ ನಾನು ಹೇಳಲಿಲ್ಲ..." ಅನ್ನುತ್ತಾ ಅಲ್ಲೇ ನಿಂತಳು. ಅನಘ ಅಳಲು ಶುರು ಮಾಡಿದಳು. ಮೇಲಿನ ರೂಮಿನಲ್ಲಿ ಲ್ಯಾಪ್‌ಟಾಪು ನನ್ನ ಹೆಸರು ಕೂಗುತ್ತಿದ್ದಿರಬೇಕು.

ಮೀಟಿಂಗಿನಲ್ಲಿ ಯಾರು ಏನು ಹೇಳಿದರೋ ನನಗೆ ಗೊತ್ತಿಲ್ಲ. ಮುಗಿದ ಕೂಡಲೇ ಕೆಳಗಿಳಿದೆ. ಅಪ್ಪ ಅಡುಗೆಮನೆಯ ಮೇಜಿನ ಮುಂದೆ ಕೂತು ಕ್ಯಾಮೆರಾ ಒರೆಸುತ್ತಿದ್ದರು. ಕಾಫಿ ಇಟ್ಟೆ, ಸಕ್ಕರೆ ಹಾಕಿದೆ, ಹಾಕಿದ್ದು ಮರೆತು ಇನ್ನೊಮ್ಮೆ ಹಾಕಿದೆ. ಕೊನೆಗೆ ಬಾಯಿ ಬಿಟ್ಟೆ.

"ನಾನು ಹಾಗೆ ಅನ್ನಬಾರದಿತ್ತು ಅಪ್ಪ. ನಿಮಗೆ ಅವಮಾನ ಆಯ್ತು."

"ಅವಮಾನ ಏನು ಬಂತು? ಮಗು ಅವರದ್ದು." ಸ್ವಲ್ಪ ಹೊತ್ತು ಲೆನ್ಸಿನ ಮೇಲೆ ಉಸಿರು ಬಿಟ್ಟು ಒರೆಸಿದರು. ಆಮೇಲೆ, ನಾನು ಯಾವತ್ತೂ ಕೇಳಿರದ ಒಂದು ವಿಷಯ ಹೇಳಿದರು. "ನೀನು ಹುಟ್ಟೋಕೆ ಮುಂಚೆ ಒಬ್ಬ ಹುಡುಗಿ ಹೈಸ್ಕೂಲ್ ಫೋಟೊ ತೆಗೆಸಿಕೊಂಡು ಹೋದ್ಲು. ಚೆನ್ನಾಗಿ ಬಂದಿತ್ತು. ದೊಡ್ಡದು ಮಾಡಿ ಸ್ಟುಡಿಯೋ ಶೋಕೇಸಲ್ಲಿಟ್ಟೆ. ಯಾರನ್ನೂ ಕೇಳ್ಲಿಲ್ಲ. ನಾಲ್ಕು ದಿನಕ್ಕೆ ಅವಳ ತಾಯಿ ಬಂದು ಬಾಗಿಲಲ್ಲಿ ನಿಂತ್ಕೊಂಡ್ರು. ಪೋಲಿ ಹುಡುಗರು ಗಾಜಿನ ಮುಂದೆ ನಿಂತು ಏನೇನೋ ಅಂತಾರೆ, ತೆಗೆದುಬಿಡಿ ಸ್ವಾಮಿ ಅಂದ್ರು. ನಾನು, ಫೋಟೊ ನಾನು ತೆಗೆದದ್ದು, ನನ್ನ ಅಂಗಡಿ ಅಂದೆ. ಮೂರು ಸಲ ಬಂದ್ರು ಆಯಮ್ಮ. ಮೂರನೇ ಸಲಕ್ಕೆ ತೆಗೆದೆ. ಅಷ್ಟರಲ್ಲಿ ಆ ಹುಡುಗಿಯನ್ನ ಸ್ಕೂಲು ಬಿಡಿಸಿದ್ರು."

ಕಾಫಿ ಒಂದು ಗುಟುಕು ಕುಡಿದು, "ಸಕ್ಕರೆ ಜಾಸ್ತಿ ಆಯ್ತು" ಅಂದರು. "ಇವತ್ತು ಒಂದೇ ಸಲಕ್ಕೆ ಕೊಟ್ಟೆ. ಅಷ್ಟೆ."

"ಆದರೂ ಆಕೆಗೆ ಅಂಥ ಭಯ ಯಾಕೆ? ಏನಿರಬಹುದು?" ನನಗೆ ತಡೆಯಲಾಗಲಿಲ್ಲ.

"ಅದು ನಮಗೆ ಯಾಕಮ್ಮ?"

ಮರುದಿನ ಬೆಳಗ್ಗೆ ಬಾಗಿಲು ಬಡಿದ ಸದ್ದು. ಅವಳೇ, ಮಗಳ ಕೈ ಹಿಡಿದು ನಿಂತಿದ್ದಳು. ಓರ್ಲಾ ಎಂದು ಹೆಸರು ಹೇಳಿದಳು. "ನಿನ್ನೆ ಕೇಳಿದ್ದಕ್ಕೆ ನಾನು ಸಾರಿ ಹೇಳಲ್ಲ" ಅಂದಳು ನೇರವಾಗಿ. "ಆದರೆ ನಿಮ್ಮ ತಂದೆ ಕಳ್ಕೊಂಡದ್ದಕ್ಕೆ ಹೇಳ್ತೀನಿ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ." ಅಪ್ಪ ಒಳಗಿನಿಂದ ಬಂದು ಕೈ ಮುಗಿದು, "ಗ್ರ್ಯಾಂಡ್, ಗ್ರ್ಯಾಂಡ್" ಅಂದರು. ಐರ್‌ಲೆಂಡಿನಲ್ಲಿ ಎಲ್ಲದಕ್ಕೂ ಆಗುವ ಆ ಒಂದು ಮಾತನ್ನು ಮೊಮ್ಮಗಳಿಂದ ಕಲಿತಿದ್ದರು. ಓರ್ಲಾ ನಕ್ಕಳು.

ಅಪ್ಪ ಆ ಹುಡುಗಿಯ ಹೆಸರೇನು ಎಂದರು. "ನೀವ್" ಅಂದಳು ಅನಘ.

"ನಾನಲ್ಲ ಕಣೇ, ಅವಳ ಹೆಸರು."

"ತಾತಾ, ಅದೇ ಅವಳ ಹೆಸರು. ನೀವ್!"

ಅಪ್ಪನಿಗೆ ಅದು ಬಹಳ ಹಿಡಿಸಿತು. "ಹುಟ್ಟುತ್ತಲೇ ಬಹುವಚನ ತಂದಿದಾರಲ್ಲ" ಎಂದು, ಆವತ್ತಿನಿಂದ ಆ ಆರು ವರ್ಷದ ಹುಡುಗಿಯ ಬಗ್ಗೆ "ನೀವ್ ಬಂದ್ರು, ನೀವ್ ಹೋದ್ರು" ಎಂದೇ ಮಾತಾಡುತ್ತಿದ್ದರು.

ಅವರು ಹೋದ ಮೇಲೆ ಅಪ್ಪ ಎರಡನೆಯ ರೋಲು ತುಂಬಿದರು. ಖಾಲಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ಇಟ್ಕೋ, ಅಮ್ಮ ಇಲ್ಲಿ ಇದ್ದಿದ್ರೆ ಬಿಸಾಕೋಕೆ ಬಿಡ್ತಿರಲಿಲ್ಲ" ಅಂದರು. ಆಮೇಲೆ ಅನಘಳನ್ನು ಕರೆದುಕೊಂಡು ಹೊರಟರು. ಬಯಲಿಗಲ್ಲ, ಮನೆಮನೆಗೆ. ಒಂದೊಂದು ಬಾಗಿಲು ತಟ್ಟಿ, ಮೊಮ್ಮಗಳ ಬಾಯಲ್ಲಿ ಕೇಳಿಸುವುದು: ನಿಮ್ಮ ಮಗುವಿನ ಫೋಟೊ ತೆಗೆಯಬಹುದಾ?

ನನಗೋ ಒಳಗೆ ಬೆಂಕಿ ಬಿದ್ದಂತೆ. ಮಧ್ಯಾಹ್ನದ ಹೊತ್ತಿಗೆ ಮಳೆ ಎಂದು ಫೋನು ಹೇಳುತ್ತಿತ್ತು. ಸೂರಿನಿಂದ ಆಗಲೇ ತೊಟತೊಟ ನೀರು. ನಾನು ಕೆಲಸ ಬಿಟ್ಟು ಹಿಂದೆಯೇ ಓಡಿದೆ. "ಅಪ್ಪ, ಬೇಗ! ಕರಗ್ತಾ ಐತೆ. ಎಲ್ಲರಿಗೂ ಮೆಸೇಜ್ ಹಾಕ್ತೀನಿ, ನೀವು ತೆಗೀತಾ ಇರಿ."

"ಮೆಸೇಜ್ ಬೇಡ. ಅವರು ನನ್ನ ಮುಖ ನೋಡಿ ಹೇಳಲಿ."

ಒಂದು ಮನೆಯಲ್ಲಿ ಟೀ ಕುಡಿಸಿದರು. ಇನ್ನೊಂದು ಮನೆಯ ಅಜ್ಜ ತಮ್ಮ ಹಳೆಯ ಕ್ಯಾಮೆರಾ ತಂದು ತೋರಿಸಿದರು. ಇಬ್ಬರೂ ಭಾಷೆಯಿಲ್ಲದೆ ಅರ್ಧ ಗಂಟೆ ಅದರ ಗುಂಡಿ ತಿರುಗಿಸಿದರು. ನಾನು ಗೇಟಿನಲ್ಲಿ ನಿಂತು ಆಕಾಶ ನೋಡುತ್ತಾ, ಗಡಿಯಾರ ನೋಡುತ್ತಾ ಉಗುರು ಕಚ್ಚುತ್ತಿದ್ದೆ. ಎಲ್ಲರೂ ಒಪ್ಪಿದರು. ಕೊನೆಯದು ಓರ್ಲಾಳ ಮನೆ.

ಅವಳು ಒಮ್ಮೆ ಮಗಳ ಕಡೆ ತಿರುಗಿ ನೋಡಿದಳು. "ಬೇಡ" ಅಂದಳು ಮೆಲ್ಲಗೆ. "ನಿಮ್ಮ ಮೇಲೆ ಅನುಮಾನವಲ್ಲ. ಆದರೂ ಬೇಡ."

ಅನಘ ಹೇಳುವ ಮೊದಲೇ ಅಪ್ಪನಿಗೆ ಅರ್ಥವಾಗಿತ್ತು. "ಗ್ರ್ಯಾಂಡ್" ಎಂದು ತಲೆಯಾಡಿಸಿ ಇಳಿದರು. ಅವಳ ಹಿಂದೆ ನಿಂತಿದ್ದ ನೀವ್‌ಳ ಮುಖ ಬಾಡಿಹೋಯಿತು.

ಬಯಲಿಗೆ ಬಂದರೆ ಹಿಮವೆಲ್ಲಿ? ಹುಲ್ಲು ಒದ್ದೆಯಾಗಿ ಎದ್ದು ನಿಂತಿತ್ತು. ಉತ್ತರದ ಗೋಡೆಯ ನೆರಳಿನಲ್ಲಿ ಮಾತ್ರ ಒಂದು ಚಾಪೆ ಹಾಸಿದಷ್ಟು ಉಳಿದಿತ್ತು. ಏಳು ಮಕ್ಕಳು ಅದರ ಮೇಲೆ ಒತ್ತೊತ್ತಾಗಿ, ಒಬ್ಬರ ಕಾಲು ಒಬ್ಬರು ತುಳಿದುಕೊಂಡು ನಿಂತರು. ನೀವ್ ತಾಯಿಯ ಜೊತೆ ದೂರದಲ್ಲಿ ನಿಂತು ನೋಡುತ್ತಿದ್ದಳು. ಅಪ್ಪ ಕ್ಯಾಮೆರಾ ಕಣ್ಣಿಗಿಟ್ಟವರು ಹಾಗೇ ಕೆಳಗಿಳಿಸಿದರು. ಅವಳ ಕಡೆ ತಿರುಗಿ, ಕೈ ಬೀಸಿ ಕರೆದರು. ಕ್ಯಾಮೆರಾ ತೋರಿಸಿ, ಬೆರಳಿನಿಂದ ಒತ್ತುವ ಸನ್ನೆ ಮಾಡಿದರು.

ಓರ್ಲಾ ನನ್ನನ್ನು ನೋಡಿದಳು. "ಅವಳು ಫೋಟೊದಲ್ಲಿ ಇರಲ್ಲ. ತೆಗೆಯೋದು ಅವಳು" ಅಂದೆ. ಓರ್ಲಾ ಮಗಳ ಬೆನ್ನ ಮೇಲಿನ ಕೈ ತೆಗೆದಳು.

ಅಪ್ಪ ಬೆಳಕು ನೋಡಿ, ಅವರ ಒಂದೂವರೆ ಸ್ಟಾಪು ಸೇರಿಸಿ, ದೂರ ಹೊಂದಿಸಿ, ಪಟ್ಟಿಯನ್ನು ಅವಳ ಕುತ್ತಿಗೆಗೆ ಹಾಕಿದರು. ಕ್ಯಾಮೆರಾದ ಭಾರಕ್ಕೆ ಅವಳು ಒಂದಿಷ್ಟು ಮುಂದೆ ಬಾಗಿದಳು. ಆಗ ಮಕ್ಕಳೆಲ್ಲ "ತಾತಾ, ತಾತಾ" ಎಂದು ಕೂಗಿದರು. ಅನಘಳಿಂದ ಅವರೂ ಆ ಪದ ಕಲಿತಿದ್ದರು. ಅಪ್ಪ ಮಂಕಿ ಕ್ಯಾಪು ಸರಿಮಾಡಿಕೊಂಡು ಹೋಗಿ, ಆ ಚಾಪೆಯಗಲದ ಹಿಮದ ತುದಿಯಲ್ಲಿ ಒಂದು ಕಾಲಿಟ್ಟು ನಿಂತರು. ನೀವ್ ನಾಲಿಗೆ ತಾಗಿಸಿ ಅಳಿಲಿನ ಸದ್ದು ಮಾಡಲು ನೋಡಿದಳು, ಬರಲಿಲ್ಲ. ಎಲ್ಲರೂ ನಕ್ಕರು. ಕ್ಲಿಕ್ ಆಯಿತು. ಮೊದಲ ಮಳೆಹನಿ ನನ್ನ ಮೂಗಿನ ಮೇಲೆ ಬಿತ್ತು.

ಅಪ್ಪ ವಾಪಸ್ ಹೋಗಿ ಹದಿನೈದು ದಿನದ ಮೇಲೆ ಫೋಟೊ ತೊಳೆದು ಬಂತು. ಹಿಮ ಹಿಮದಂತೆಯೇ ಬಿಳಿ, ಮಕ್ಕಳ ಮುಖ ತಿಳಿ. ಒಂದು ಪ್ರಿಂಟು ಹಿಡಿದುಕೊಂಡು ಮೂಲೆಯ ಮನೆಗೆ ಹೋದೆ. ನೀವ್ ಬಾಗಿಲಲ್ಲೇ ಕಿತ್ತುಕೊಂಡು ನೋಡಿದಳು. ಒಬ್ಬೊಬ್ಬರ ಮುಖದ ಮೇಲೂ ಬೆರಳಿಟ್ಟು ಹೆಸರು ಹೇಳುತ್ತಾ ಹೋದಳು. ಕೊನೆಯಲ್ಲಿ ಅಪ್ಪನ ಮೇಲೆ ಬೆರಳು ನಿಂತಿತು. ಅವಳ ಹುಬ್ಬು ಗಂಟಿಕ್ಕಿತು.

"ಇವರು ಕಣ್ಣು ಮುಚ್ಚಿಬಿಟ್ಟಿದ್ದಾರೆ."

ನಾನು ನೋಡಿರಲೇ ಇಲ್ಲ. ನಿಜ. ಜೀವಮಾನವೆಲ್ಲ ಜನಕ್ಕೆ ಕಣ್ಣು ಮಿಟುಕಿಸಬೇಡಿ ಎಂದು ಹೇಳಿದ ಮನುಷ್ಯ, ಮಕ್ಕಳ ನಡುವೆ, ಬಾಯಿ ತುಂಬ ನಗುತ್ತಾ, ಕಣ್ಣು ಮುಚ್ಚಿ ನಿಂತಿದ್ದರು.

"ಇನ್ನೊಂದು ತೆಗೀಬೇಕು" ಅಂದಳು ನೀವ್, ಕೆಲಸ ಗೊತ್ತಿರುವವರ ಗಾಂಭೀರ್ಯದಲ್ಲಿ. "ಅವರು ಮತ್ತೆ ಯಾವಾಗ ಬರ್ತಾರೆ?"